ಉಪದೇಶಿಯ ಮಗ ಹೊಲಿದ ಕಾಲ್ಮರಿ

ಸಂಜೆ ಆರು ಗಂಟೆಗೆ ಹೇಳಬೇಕಾಗಿದ್ದ 'ಹೂಂ' ಎಂಬ ಒಂದೇ ಮಾತನ್ನು ಎಲೀಷಪ್ಪ ಬೆಳಗಿನಿಂದ ಬಾಯಲ್ಲಿ ಹೊರಳಿಸುತ್ತಿದ್ದ. ಬಾದಾಮಿಯ ಸಣ್ಣ ಸಭೆಗೆ ಒಬ್ಬ ಉಪದೇಶಿ ಬೇಕಾಗಿದ್ದ. ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗೆ, ಉಳಿದವರೆಲ್ಲರಿಗಿಂತ ಒಂದು ಮೆಟ್ಟಿಲು ಮೇಲೆ. ರವಿವಾರ ಬಿಳಿ ಕೋಟು ತೊಟ್ಟು ನಿಂತು ಮಾತಾಡುವ, ಸತ್ತವರನ್ನು ಮಣ್ಣು ಮಾಡಿಸುವ, ಹಡೆದವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವ ಕೆಲಸ. ಬಾಗಲಕೋಟೆಯ ಪಾದ್ರಿ ಸಾಹೇಬರು ಹೋದ ರವಿವಾರ ಆರಾಧನೆ ಮುಗಿದ ಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು, "ಎಲೀಷಪ್ಪನವರ, ಗುರುವಾರ ಸಂಜಿ ಪ್ರಾರ್ಥನಿಗೆ ಬರ್ರಿ. ಆವತ್ತ ನಿಮ್ಮ ಹೆಸರ ಬರದ ಕಳಸೂಣು" ಎಂದಿದ್ದರು. ಅವರಿಗೆ ಇನ್ನೂ ಮೂವತ್ತು ದಾಟಿರಲಿಲ್ಲ, ಇವನಿಗೆ ನಲವತ್ತಾರು. ಆ ಎಳೆಯ ಕೈಯ ಭಾರ ನಾಲ್ಕು ದಿನವಾದರೂ ಹೆಗಲಿನಿಂದ ಇಳಿದಿರಲಿಲ್ಲ. ಹೆಂಡತಿ ಕೃಪಾವತಿಯಂತೂ ಸತ್ತ ಮಾವನ ಬಿಳಿ ಕೋಟನ್ನು ಟ್ರಂಕಿನಿಂದ ತೆಗೆದು, ಗುಂಡಿ ಬಿಗಿದು, ಬಿಸಿಲಿಗೆ ಹಾಕಿದ್ದಳು. "ಇವತ್ತೊಂದಿನ ರಬ್ಬರ ವಾಸನಿ ಹಚ್ಚಿಕೊಂಡ ಬರಬ್ಯಾಡ್ರಿ. ಕೈ ಚೊಲೊ ತೊಳಕೊಂಡ ಬರ್ರಿ" ಎಂದಳು. ಜಗಳದ ದನಿಯಲ್ಲಿ ಹೇಳಿದ್ದಲ್ಲ. ಹತ್ತೊಂಬತ್ತು ವರ್ಷ ಆ ವಾಸನೆಯ ಪಕ್ಕ ಮಲಗಿದವಳಿಗೆ ಒಂದು ದಿನದ ರಜೆ ಕೇಳುವ ಹಕ್ಕು ಇದ್ದೇ ಇದೆ ಎಂದು ಅವನೂ ಒಪ್ಪಿಕೊಂಡ.

ಅವನ ಕೆಲಸ ಕುಷ್ಠರೋಗಿಗಳಿಗೆ ಚಪ್ಪಲಿ ಹೊಲಿಯುವುದು. ಬಾಗಲಕೋಟೆಯ ಊರಂಚಿನ ದವಾಖಾನೆಯ ಹಿಂದೆ ತಗಡು ಹೊದಿಸಿದ ಒಂದು ಖೋಲಿ, ಅದರೊಳಗೆ ಒಂದು ಮಣೆ, ದಬ್ಬಳ, ತೊಗಲು ಕತ್ತರಿಸುವ ರಂಪಿಗೆ, ಮೆತ್ತನೆಯ ಕರಿ ರಬ್ಬರಿನ ಹಾಳೆಗಳು. ಇವತ್ತು ತಿಂಗಳಿಗೊಮ್ಮೆ ರೋಗಿಗಳನ್ನು ನೋಡಲು ಹೋಗುವ ಬೇವೂರಿನ ಪಾಳಿ. ಡಾಕ್ಟರ್‌ಬಾಯಿ, ಗುಳಿಗೆಯ ಡಬ್ಬಿ, ಪಟ್ಟಿ ಕಟ್ಟುವ ಸಾಮಾನು, ಅವನ ಅಳತೆ ಕಾಗದದ ಸುರುಳಿ, ಎಲ್ಲವನ್ನೂ ಹೇರಿಕೊಂಡು ಜೀಪು ಎರಿಹೊಲಗಳ ನಡುವೆ ಕುಲುಕುತ್ತ ಹೊರಟಿತು. ಸುದ್ದಿ ಹೇಗೋ ಜೀಪಿನವರೆಗೂ ಬಂದಿತ್ತು. ಡ್ರೈವರ್ ಇಮಾಮಹುಸೇನ ಕನ್ನಡಿಯಲ್ಲಿ ಇವನನ್ನು ನೋಡುತ್ತ, "ಏನ್ರಿ ಉಪದೇಶಿಗಳ, ಬರೂ ತಿಂಗಳದಿಂದ ನಿಮಗ ನಾವು ಕೈ ಮುಗೀಬೇಕಾಗ್ತದಲ್ರಿ" ಎಂದ. "ಈಗ ಮುಗದರ ಯಾರ ಬ್ಯಾಡ ಅಂದಾರಲೇ" ಎಂದು ಎಲೀಷಪ್ಪನೂ ನಕ್ಕ. ನಕ್ಕದ್ದು ಬಾಯಿ ಮಾತ್ರ. ಉಪದೇಶಿಗಳು ಎಂದರೆ ಅವನ ಮಟ್ಟಿಗೆ ಭೂಮಿಯ ಮೇಲೆ ಒಬ್ಬರೇ, ಅವನ ಅಪ್ಪ ಸಮುವೇಲಪ್ಪ, ಮತ್ತು ತೀರಿಹೋದ ಆ ಒಬ್ಬರು ಈಗ ನೆನಪಾಗಿ ಜೀಪಿನ ಹಿಂದಿನ ಸೀಟಿನಲ್ಲಿ ಬಂದು ಕೂತಿದ್ದರು. ಹುನಗುಂದದ ಮನೆಯ ಕಟ್ಟೆಯ ಮೇಲೆ ಕೂತು ಅಪ್ಪ ಸಾವಿರ ಸಲ ಹೇಳಿದ ಕತೆ ಒಂದೇ. ಅಜ್ಜ ದುರಗಪ್ಪ ತೊಗಲು ಹದ ಮಾಡಿ ಕಾಲ್ಮರಿ ಹೊಲಿಯುತ್ತಿದ್ದವನು, ಊರ ಗೌಡರ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅವರ ಕಾಲ ಅಳತೆ ತೆಗೆಯುತ್ತಿದ್ದವನು. ದೀಕ್ಷಾಸ್ನಾನದ ದಿನ ತನ್ನ ರಂಪಿಗೆಯನ್ನು ಹೊಳೆಗೆ ಒಗೆದು, ಇನ್ನು ನನ್ನ ಮಕ್ಕಳು ಯಾರ ಕಾಲನ್ನೂ ಮುಟ್ಟುವುದಿಲ್ಲ ಎಂದನಂತೆ. ಈ ಮಾತು ಬಂದಾಗಲೆಲ್ಲ ಅಪ್ಪನ ಕೊರಳು ಉಬ್ಬುತ್ತಿತ್ತು. ಬೇರೆ ಮನೆತನದವರಿಗೆ ಹೊಲ, ಮನೆ, ಚಿನ್ನ ಇರುತ್ತದೆ. ಇವರ ಮನೆತನಕ್ಕೆ ಆಸ್ತಿಯೆಂದರೆ ಹೊಳೆಗೆ ಬಿದ್ದ ಆ ರಂಪಿಗೆ.

ಮೂರು ಕೂಸುಗಳು ಮಣ್ಣಾದ ಮೇಲೆ ಹುಟ್ಟಿದವನೆಂದು ಅಪ್ಪ ಅವನನ್ನು ಎರಡೂ ಕೈಯಲ್ಲಿ ಎತ್ತಿ ದೇವರಿಗೆ ಒಪ್ಪಿಸಿದ್ದರು. ಪ್ರವಾದಿಯ ಹೆಸರಿಟ್ಟರು. ದೇವರು ನಿನಗೊಂದು ಕೆಲಸ ತೆಗೆದಿಟ್ಟಾನ ಎಂದು ಉಣ್ಣುವಾಗ, ಬರೆಯುವಾಗ, ಜ್ವರ ಬಂದು ಮಲಗಿದಾಗ ಹೇಳಿದರು. ಹುಡುಗ ಅದನ್ನು ನಂಬಿದ, ನಂಬಿ ಹೆಮ್ಮೆಯಿಂದ ಬೆಳೆದ. ಗೋಲಿ ಆಡುವಾಗಲೂ ತಾನು ಬರಿಯ ಗೋಲಿ ಆಡುವ ಹುಡುಗನಲ್ಲ ಎಂಬ ಗುಟ್ಟು ಅವನ ಹೊಟ್ಟೆಯಲ್ಲಿ ಬೆಚ್ಚಗೆ ಇರುತ್ತಿತ್ತು. ಇಪ್ಪತ್ತೆರಡರಲ್ಲಿ ಉಪದೇಶಿಗಳ ತರಬೇತಿಗೆಂದು ಸಂದರ್ಶನಕ್ಕೆ ಹೋದ. ಮೇಜಿನಾಚೆ ಮೂರು ಮಂದಿ ಹಿರಿಯರು. ಪುಸ್ತಕದ ಪ್ರಶ್ನೆಗಳಿಗೆಲ್ಲ ಟಕಟಕ ಉತ್ತರ ಕೊಟ್ಟ. ಕಡೆಗೆ ನಡುವಿನವರು, "ಒಂದು ಪ್ರಾರ್ಥನೆ ಮಾಡಪ್ಪ" ಎಂದರು. ಎಲ್ಲರೂ ಕಣ್ಣು ಮುಚ್ಚಿದರು. ಇವನು ಕಣ್ಣು ಮುಚ್ಚುವ ಮೊದಲು ತಲೆ ತಗ್ಗಿಸಿದ, ಅಲ್ಲಿಗೆ ಕೆಟ್ಟಿತು. ಮೇಜಿನ ಕೆಳಗೆ ನಡುವಿನವರ ಎಡಗಾಲಿನ ಬೂಟು ಕಾಣಿಸಿತು. ಹಿಮ್ಮಡಿ ಹೊರಬದಿಗೆ ಮಾತ್ರ ಸವೆದಿತ್ತು. ಈ ಮನುಷ್ಯನಿಗೆ ಮೊಣಕಾಲು ನೋಯುತ್ತದೆ, ಹೊರಗಿನ ಅಂಚಿಗೆ ಅರ್ಧ ಬೆರಳು ತೊಗಲು ಕೊಟ್ಟರೆ ಸರಿಹೋಗುತ್ತದೆ ಎಂದು ಯಾರೋ ಒಳಗಿನಿಂದ ಹೇಳಿದಂತಾಯಿತು. ಅಲ್ಲಿಯವರೆಗೆ ಒಂದು ಜೋಡನ್ನೂ ಹೊಲಿದಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಆ ಅರ್ಧ ಬೆರಳು ತೊಗಲಿನ ಆಚೆಗೆ ಅವನ ಬುದ್ಧಿ ಹೋಗಲೇ ಇಲ್ಲ. ಗೋಡೆಯ ಗಡಿಯಾರ ಎಷ್ಟೋ ಹೊತ್ತು ಟಿಕ್ ಟಿಕ್ ಎಂದ ಮೇಲೆ, ಒಂದು ಮಾತೂ ಇಲ್ಲದ ಪ್ರಾರ್ಥನೆಗೆ ಅವನು "ಆಮೆನ್" ಎಂದ. ಹಿರಿಯರಲ್ಲೊಬ್ಬರು ಕೆಮ್ಮುವ ನೆಪದಲ್ಲಿ ನಕ್ಕರು. ಆ ಕೆಮ್ಮು ಇವತ್ತಿಗೂ ಕೇಳಿಸುತ್ತದೆ.

ಆಮೇಲೆ ದವಾಖಾನೆಯಲ್ಲಿ ಪಟ್ಟಿ ಸುತ್ತುವ ಕೆಲಸ ಸಿಕ್ಕಿತು. ಒಬ್ಬ ರೋಗಿಯ ಹರಿದ ಜೋಡನ್ನು ಸುಮ್ಮನೆ ಕೂತಲ್ಲಿ ಸರಿಮಾಡಿ ಕೊಟ್ಟದ್ದನ್ನು ಆಗಿನ ಡಾಕ್ಟರು ಕಂಡರು, ಮಾರನೆಯ ದಿನವೇ ತಗಡಿನ ಖೋಲಿಯ ಕೀಲಿಕೈ ಕೊಟ್ಟರು. ಅಪ್ಪ ಎಂಟು ತಿಂಗಳು ಮಾತು ಬಿಟ್ಟರು. ಹೊಳೆಗೆ ಒಗೆದ ರಂಪಿಗೆಯನ್ನು ಮೊಮ್ಮಗ ಮುಳುಗಿ ಎತ್ತಿಕೊಂಡು ಬಂದ ಎಂದು ಜನ ಆಡಿಕೊಂಡರು. ಸಾಯುವ ಮುಂಚೆ ಅಪ್ಪ ಅವನ ಕೈ ಹಿಡಿದು ಮೂಸಿ, "ದೇವ್ರು ನಿನಗೊಂದು ಕೆಲಸ ಇಟ್ಟಾನಪ್ಪಾ. ಇದಲ್ಲ" ಎಂದರು. ಆ 'ಇದಲ್ಲ'ದ ಜೊತೆ ಎಲೀಷಪ್ಪ ಹನ್ನೊಂದು ವರ್ಷ ಸಂಸಾರ ಮಾಡಿದ್ದಾನೆ. ಆದರೆ ಯಾರಿಗೂ ಹೇಳದ ಇನ್ನೊಂದು ಸಂಗತಿಯೂ ಇತ್ತು. ಆ ಮಣೆಯ ಮುಂದೆ ಕೂತಾಗ ಅವನಿಗೆ ಆಗುವಷ್ಟು ಹೆಮ್ಮೆ ರಾಜನಿಗೂ ಆಗಲಾರದು. ಸ್ಪರ್ಶ ಸತ್ತ ಕಾಲು ಅದು. ಮುಳ್ಳು ಚುಚ್ಚಿದರೆ, ಕೆಂಡ ತುಳಿದರೆ ತಿಳಿಯುವುದಿಲ್ಲ. ಅದಕ್ಕೇ ಅವನ ಜೋಡಿನಲ್ಲಿ ಒಂದು ಮೊಳೆಯೂ ಇರಬಾರದು, ಬರಿಯ ಹೊಲಿಗೆ. ರೋಗಿಗೆ ತಿಳಿಯದ ನೋವನ್ನು ಇವನು ಮೊದಲೇ ತಿಳಿದುಕೊಂಡು ರಬ್ಬರಿನಲ್ಲಿ ಕುಳಿ ತೆಗೆಯಬೇಕು. ಹಳ್ಳಿಯ ಧೂಳಿನಲ್ಲಿ ತನ್ನ ಜೋಡಿನ ಗುರುತು ಬಿದ್ದದ್ದನ್ನು ಕಂಡರೆ, ಓಹೋ ಮಲಕಪ್ಪ ಹೊಲಕ್ಕೆ ಹೋದ, ಗುರುಲಿಂಗವ್ವ ಬಾವಿಯಿಂದ ಬಂದಳು ಎಂದು ಓದಿಕೊಳ್ಳುತ್ತಿದ್ದ. ಆ ಕಾಲುಗಳೆಲ್ಲ ತಾನಿರುವುದರಿಂದಲೇ ಇನ್ನೂ ನೆಲದ ಮೇಲಿವೆ ಎಂದು ಎದೆ ಉಬ್ಬುತ್ತಿತ್ತು. ದಿನಾ ಮಲಗುವ ಮೊದಲು, ಕರ್ತನೇ, ನನ್ನ ಗರ್ವ ಮುರಿ ಎಂದು ಬೇಡಿಕೊಳ್ಳುತ್ತಿದ್ದ. ಬೆಳಿಗ್ಗೆ ಎದ್ದರೆ ಗರ್ವ ಅವನಿಗಿಂತ ಮೊದಲು ಮಣೆಯ ಹತ್ತಿರ ಹೋಗಿ ಕೂತಿರುತ್ತಿತ್ತು.

ಬೇವೂರಿನ ಬೇವಿನ ಮರದ ಕೆಳಗೆ ಆಗಲೇ ಇಪ್ಪತ್ತು ಮಂದಿ ಕೂತಿದ್ದರು. ಎಲೀಷಪ್ಪನ ಕಣ್ಣು ಹುಡುಕಿದ್ದು ಮಾಯವ್ವನನ್ನು. ಕುರಿ ಸಾಕುವ ಹಾಲುಮತದ ಮನೆಯ ಮುದುಕಿ, ಇಪ್ಪತ್ತು ವರ್ಷದ ರೋಗ, ಈಗ ಗುಣವಾಗಿದೆ, ಕಾಲು ಮಾತ್ರ ಜೋಮು. ಮೂರು ತಿಂಗಳ ಹಿಂದೆ ಅವಳಿಗೊಂದು ಜೋಡು ಹೊಲಿದಿದ್ದ. ಅದು ಅವನ ಹತ್ತೊಂಬತ್ತು ವರ್ಷದ ಕೆಲಸಗಳಲ್ಲೆಲ್ಲ ಮೇಲಾದದ್ದು. ದವಾಖಾನೆಯ ಕರಿ ರಬ್ಬರಿನ ಜೋಡನ್ನು ಹಳ್ಳಿಯವರೆಲ್ಲ ಗುರುತು ಹಿಡಿಯುತ್ತಿದ್ದರು. ಅದು ಕಾಲಲ್ಲಿ ಕಂಡರೆ ಚಹಾದ ಅಂಗಡಿಯವನು ಕಪ್‌-ಬಸಿ ಬೇರೆ ತೆಗೆಯುತ್ತಿದ್ದ, ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುತ್ತಿದ್ದರು. ಅದಕ್ಕೇ ಎಷ್ಟೋ ಮಂದಿ ಮೆಟ್ಟದೆ ಮೂಲೆಗೆ ಎಸೆಯುತ್ತಿದ್ದರು. ಈ ಸಲ ಅವನು ಹಟ ಹಿಡಿದು ರಬ್ಬರನ್ನು ಎರಡು ತೊಗಲಿನ ನಡುವೆ ಅಡಗಿಸಿದ. ಕೆಂಪು ತೊಗಲು, ಹೆಣೆದ ಪಟ್ಟಿ, ಹಳದಿ ದಾರದ ಹೊಲಿಗೆ, ನಡುವೆ ಒಂದು ಸಣ್ಣ ಗೊಂಡೆ. ಹೊರಗಿನಿಂದ ನೋಡಿದರೆ ಗೌಡಸಾನಿಯ ಕಾಲ್ಮರಿ, ಒಳಗೆ ಔಷಧ. ಮುಂದಿನ ಎರಡು ಪಾಳಿಗೂ ಮಾಯವ್ವ ಅದನ್ನು ಮೆಟ್ಟಿಕೊಂಡೇ ಬಂದಳು. ಒಂದು ಎಳೆ ಜಗ್ಗಿರಲಿಲ್ಲ, ತಳ ಸವೆದಿರಲಿಲ್ಲ. ಎಲೀಷಪ್ಪ ಅದನ್ನು ಕಾಲಿನಿಂದ ಬಿಡಿಸಿ ಡಾಕ್ಟರ್‌ಬಾಯಿಗೂ ಡ್ರೈವರನಿಗೂ ತಿರುಗಿಸಿ ತಿರುಗಿಸಿ ತೋರಿಸಿದ್ದ: "ನೋಡ್ರಿ ಹೊಲಿಗಿ! ಎರಡ ತಿಂಗಳಾತು, ನಿನ್ನೆ ಹೊಲದಂಗ ಐತಿ!"

ಇವತ್ತೂ ಮಾಯವ್ವ ಅದೇ ಕೆಂಪು ಕಾಲ್ಮರಿ ಮೆಟ್ಟಿಕೊಂಡು ಬಂದಿದ್ದಳು, ಇವತ್ತೂ ಅದು ನಿನ್ನೆ ಹೊಲಿದಂತೆಯೇ ಇತ್ತು. ಬಲಗಾಲಿನದನ್ನು ಬಿಚ್ಚಿದಾಗ ವಾಸನೆ ಬಂತು. ಹೆಬ್ಬೆರಳಿನ ಬುಡದಲ್ಲಿ ಹಳೆಯ ಚವಲಿ ನಾಣ್ಯದಷ್ಟು ದೊಡ್ಡ ಹುಣ್ಣು, ಅಂಚು ಬೆಳ್ಳಗೆ, ಒಳಗೆ ಕಪ್ಪು. ಡಾಕ್ಟರ್‌ಬಾಯಿ ಸಲಾಕೆ ಹಾಕಿ ನೋಡಿದರು, ಅದು ಎಲುಬಿಗೆ ತಾಗಿ ಟಕ್ಕೆಂದಿತು. ಮಾಯವ್ವನಿಗೇನೂ ನೋಯಲಿಲ್ಲ, ಅವಳು ಮರದ ಮೇಲಿನ ಕಾಗೆ ನೋಡುತ್ತಿದ್ದಳು.

"ಕಾಲ್ಮರಿ ಹಾಕ್ಕೊಂಡೂ ಹಿಂಗ ಹ್ಯಾಂಗಾತವ್ವ?" ಎಂದ ಎಲೀಷಪ್ಪ.

"ಎಲ್ಲಿ ಹಾಕ್ಕೊಂಡೇನೊ ಯಪ್ಪಾ" ಎಂದಳು ಮಾಯವ್ವ, ತಪ್ಪು ಒಪ್ಪಿಕೊಳ್ಳುವ ಶಾಲೆಯ ಹುಡುಗಿಯಂತೆ. "ಇಲ್ಲಿಗಿ ಬರುವಾಗಷ್ಟ ಹಾಕ್ಕೊಂಡ ಬರ್ತೇನಿ. ಇಷ್ಟ ಚೆಂದ ಕಾಲ್ಮರಿ ಹೊಲದ ರಾಡಿಯಾಗ ಮೆಟ್ಟಾಕ ಮನಸ ಬರಲಿಲ್ಲ. ಅರಿವ್ಯಾಗ ಸುತ್ತಿ ದೇವರ ಜಗಲಿ ಮ್ಯಾಲ ಬೀರಪ್ಪನ ಬಲಕ ಇಟ್ಟೇನಿ. ಹತ್ತಿಕಟ್ಟಗಿ ಕಡ್ಯಾಕ ಹ್ವಾದಾಗ ಕೂಳಿ ಚುಚ್ಚಿರಬೇಕು. ನನಗೇನ ಗೊತ್ತಾಕ್ಕೈತಿ?"

ಹೆಬ್ಬೆರಳು ಉಳಿಯುವುದಿಲ್ಲ, ಸೋಮವಾರ ಬಾಗಲಕೋಟೆಗೆ ಕರೆದುಕೊಂಡು ಹೋಗಿ ತೆಗೆಯಬೇಕು, ಉಳಿದ ಕಾಲಿಗೆ ಭಯವಿಲ್ಲ ಎಂದು ಡಾಕ್ಟರ್‌ಬಾಯಿ ಹೇಳಿದರು. ಹೇಳಿ ಎಲೀಷಪ್ಪನ ಕಡೆ ನೋಡಲಿಲ್ಲ. ನೋಡಿದ್ದರೆ ಅವನು ತಾಳಿಕೊಳ್ಳುತ್ತಿದ್ದನೇನೋ. ಎರಡು ತಿಂಗಳಾತು, ನಿನ್ನೆ ಹೊಲದಂಗ ಐತಿ. ಮೆಟ್ಟದ ಕಾಲ್ಮರಿ ಮತ್ತೆ ಹೇಗಿರುತ್ತದೆ? ತೊಗಲಿನ ಕೆಲಸ ಮಾಡುವ ಯಾವ ಎಳೆಯನಿಗೂ ತಿಳಿಯುವ ಮಾತು ಅದು. ಬೆವರು ಕುಡಿದ ತೊಗಲು ಕಪ್ಪಾಗುತ್ತದೆ, ಬೆರಳಿನ ಗುಳಿ ಬೀಳುತ್ತದೆ. ಅಜ್ಜ ಇದ್ದಿದ್ದರೆ ಒಂದು ಸಲ ಕಣ್ಣಾಡಿಸಿ ಇದನ್ನು ಯಾರೂ ಮೆಟ್ಟಿಲ್ಲ ಎನ್ನುತ್ತಿದ್ದ. ಇವನು ಮಾತ್ರ ಸವೆಯದ ತಳ ನೋಡಿ ತನ್ನ ಹೊಲಿಗೆಯನ್ನು ತಾನೇ ಹೊಗಳಿಕೊಂಡು ಕುಣಿದ. ಕೈ ತೊಳೆಯುವ ನೆಪದಲ್ಲಿ ಜೀಪಿನ ಹಿಂದೆ ಹೋದ. ಒಂದು ಹೆಣ್ಣುಮಗಳ ಹೆಬ್ಬೆರಳನ್ನು ತನ್ನ ಗರ್ವ ತಿಂದಿತು ಎಂದು ತನಗೆ ತಾನೇ ಸ್ಪಷ್ಟವಾಗಿ ಹೇಳಿಕೊಂಡ. 'ಇದಲ್ಲ' ಎಂದು ಅಪ್ಪ ಅಂದದ್ದು ಇದಕ್ಕೇ. ಬೆಳಗಿನಿಂದ ಬಾಯಲ್ಲಿ ಹೊರಳುತ್ತಿದ್ದ 'ಹೂಂ' ಈಗ ಸರಾಗವಾಗಿ ನಾಲಗೆಯ ತುದಿಗೆ ಬಂತು. ಬಾದಾಮಿಗೆ ಹೋದರೆ ಯಾರ ಕಾಲೂ ತನ್ನಿಂದ ಕೊಳೆಯುವುದಿಲ್ಲ. ತಪ್ಪು ಉಪದೇಶ ಮಾಡಿದರೆ ಜನ ತೂಕಡಿಸುತ್ತಾರೆ, ಅಷ್ಟೆ, ಬೆರಳು ಕಳೆದುಕೊಳ್ಳುವುದಿಲ್ಲ. ಮಣೆ, ರಂಪಿಗೆ, ವಾಸನೆ ಎಲ್ಲವನ್ನೂ ಬಿಟ್ಟು ಬಿಳಿ ಕೋಟು ತೊಟ್ಟರೆ ಆಯಿತು. ಸಾಬೂನಿನಿಂದ ಮೊಣಕೈಯವರೆಗೂ ಉಜ್ಜಿಕೊಂಡ, ಕೃಪಾವತಿ ಹೇಳಿದಂತೆ, ಚೊಲೊ ಉಜ್ಜಿಕೊಂಡ.

ತಿರುಗಿ ಬಂದಾಗ ಮಾಯವ್ವನಿಗೆ ಪಟ್ಟಿ ಕಟ್ಟಿಯಾಗಿತ್ತು. ಪಕ್ಕದಲ್ಲಿ ಕೂತ ಸೋಮವ್ವ ಎಂಬುವಳಿಗೆ ಏನೋ ಜೋರಾಗಿ ಹೇಳುತ್ತಿದ್ದಳು. ಎಲೀಷಪ್ಪ ಬಂದದ್ದು ಕಂಡು, "ಇಂವನ ನೋಡವಾ ಕಾಲ್ಮರಿ ಹೊಲದಂವ" ಎಂದಳು. ಆಮೇಲೆ ಅವನಿಗೇ ಹೇಳತೊಡಗಿದಳು. ತಮ್ಮನ ಮಗಳ ಮದುವೆ ಇತ್ತಂತೆ ಹೋದ ತಿಂಗಳು, ಮಹಾಕೂಟದ ಹತ್ತಿರದ ತವರೂರಿನಲ್ಲಿ. ಹದಿನೆಂಟು ವರ್ಷದಿಂದ ಅವಳು ತವರಿಗೆ ಹೋಗಿರಲಿಲ್ಲ. ಕರೆದರೂ ಬರಬೇಡ ಎನ್ನುವಂತೆ ಕರೆಯುತ್ತಿದ್ದರು. ಈ ಸಲ ಕಾಲ್ಮರಿ ಇತ್ತಲ್ಲ, ಹೋದಳು.

"ಗುಡಿ ಮುಂದ ಬಿಟ್ಟ ಒಳಗ ಹ್ವಾದ್ನಿ ನೋಡು, ಜೀವೆಲ್ಲಾ ಹೊರಗ. ಯಾರರ ಕದ್ದಾರಂತ ಅಂಜಿಕಿ! ಕೈ ಮುಗ್ಯಾಕ ಮನಸಽ ನಿಲ್ಲವಲ್ದು" ಎಂದು ಮಾಯವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಇಷ್ಟ ವರ್ಸ ನಾ ಮುಟ್ಟಿದ್ದ ಚರಿಗಿ ಯಾರೂ ಮುಟ್ಟತಿದ್ದಿಲ್ಲ. ಈಗ ನನ್ನ ಕಾಲಾನ ಕಾಲ್ಮರಿ ಕದ್ದಾರಂತ ಅಂಜಿಕಿ ಬಂತು. ಹೊರಗ ಬರೂದ್ರಾಗ ನಮ್ಮ ತಮ್ಮನ ಹೇಂತಿ ಹಾಕ್ಕೊಂಡ ನಿಂತಿದ್ಲು. ಹಾಕ್ಕೊಂಡಿದ್ಲೊ ಯಪ್ಪಾ, ಬರೇ ಕಾಲಾಗ! 'ಅಕ್ಕಾರ, ಎಲ್ಲಿ ತಗೊಂಡ್ರಿ, ನನಗೂ ಒಂದ ಜೋಡ ತರಸಕೊಡ್ರಿ' ಅಂದ್ಲು. ಊಟಕ್ಕ ತನ್ನ ಪಂಕ್ತ್ಯಾಗ ಕುಂದ್ರಿಸಿಕೊಂಡ್ಲು."

ಎಲೀಷಪ್ಪ ನಿಂತಲ್ಲೇ ನಿಂತ. ಹದಿನೆಂಟು ವರ್ಷ ಇವಳನ್ನು ಮುಟ್ಟದವಳು ಇವಳ ಕಾಲಲ್ಲಿದ್ದುದನ್ನು ತನ್ನ ಕಾಲಿಗೆ ಹಾಕಿಕೊಂಡು ನಿಂತಿದ್ದಳು. ಯಾವ ಉಪದೇಶಿ ಯಾವ ಪೀಠದ ಮೇಲೆ ನಿಂತು ಎಷ್ಟು ರವಿವಾರ ಮಾತಾಡಿದ್ದರೆ ಇದು ಆಗುತ್ತಿತ್ತು? ಅಪ್ಪ ನಲವತ್ತು ವರ್ಷ ಮಾತಾಡಿದರು. ಅವರ ದನಿಗೆ ಹಕ್ಕಿಗಳೂ ಸುಮ್ಮನಾಗುತ್ತಿದ್ದವು ಎನ್ನುತ್ತಾರೆ. ಆದರೆ ಅವರ ಸಭೆಯಲ್ಲೂ ರೋಗದವರು ಕಡೆಯ ಚಾಪೆಯ ಮೇಲೆಯೇ ಕೂರುತ್ತಿದ್ದರು. ಹಾಗಾದರೆ ಆ ಕೆಂಪು ತೊಗಲು, ಆ ಗೊಂಡೆ, ಅದನ್ನು ಹೊಲಿಯುವಾಗ ಎದೆಯಲ್ಲಿ ಉಬ್ಬಿದ್ದು, ಅದೇ ಹೆಬ್ಬೆರಳನ್ನೂ ತಿಂದಿತ್ತು, ಅದೇ ಪಂಕ್ತಿಯಲ್ಲೂ ಕೂರಿಸಿತ್ತು. ಯಾವುದು ಗರ್ವ, ಯಾವುದು ದೇವರು ಕೊಟ್ಟದ್ದು ಎಂದು ಎರಡನ್ನೂ ಬೇರೆ ಮಾಡಲು ಅವನು ಹತ್ತೊಂಬತ್ತು ವರ್ಷ ಹೆಣಗಿದ್ದ. ಬೇರೆಯಾಗುವುದಿಲ್ಲ. ಬೇರೆ ಮಾಡುವ ಕೆಲಸವನ್ನು ಅವನಿಗೆ ಯಾರೂ ಕೊಟ್ಟೂ ಇರಲಿಲ್ಲ. ಹೆಬ್ಬೆರಳಿನ ತಪ್ಪು ತಪ್ಪೇ, ಸಾಯುವತನಕ ಅದು ಅವನದೇ. ಆದರೆ ತಪ್ಪು ಮಾಡಿದವನು ಹೋಗಿಬಿಟ್ಟರೆ ಆ ಕಾಲಿಗೆ ಇನ್ನು ಜೋಡು ಹೊಲಿಯುವವರು ಯಾರು? ನಾಲ್ಕೇ ಬೆರಳಿನ ಪಾದದ ಭಾರ ಎಲ್ಲಿ ಬೀಳುತ್ತದೆ, ಯಾವ ಬದಿಗೆ ವಾಲುತ್ತದೆ, ಎಲ್ಲಿ ಕುಳಿ ತೆಗೆಯಬೇಕು, ಆಗಲೇ ಅವನಿಗೆ ಕಾಣತೊಡಗಿತ್ತು. ಮೇಜಿನ ಕೆಳಗಿನ ಬೂಟು ಕಂಡ ದಿನ ಕಂಡಂತೆಯೇ ಕಾಣತೊಡಗಿತ್ತು. ಅವತ್ತು ಪ್ರಾರ್ಥನೆ ನಿಂತುಹೋಯಿತೆಂದು ತಿಳಿದಿದ್ದನಲ್ಲ ಎಂದು ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಯಪ್ಪಾ, ನನಗೊಂದ ಕೆಟ್ಟ ಜೋಡ ಮಾಡಿಕೊಡು" ಎಂದಳು ಮಾಯವ್ವ. "ಹೊಲಕ್ಕ ಮೆಟ್ಟಾಕ. ನೋಡಿದ್ರ ಇಡಬೇಕ ಅನ್ನಸಬಾರ್ದು. ಇದ ಇರಲಿ, ಹೋಗಿ ಬರಾಕ."

"ಕೆಟ್ಟದ್ದ ಮಾಡಾಕ ನನಗ ಬರೂದಿಲ್ಲವ್ವ" ಎಂದ ಎಲೀಷಪ್ಪ. "ಇಂಥಾವಽ ಎರಡ ಜೋಡ ಮಾಡ್ತೇನಿ. ಒಂದ ಹರೀಲಿಕ್ಕ. ಬರೂ ಪಾಳಿಗಿ ಬಂದಾಗ ಅದು ಹರದಿರಬೇಕು, ತಳ ಸವದಿರಬೇಕು. ಸವದಿಲ್ಲಂದ್ರ ನಿನ್ನ ಜೋಡಿ ಮಾತಾಡೂದಿಲ್ಲ." ಕಾಗದ ಹಾಸಿ, ಕುಕ್ಕರಗಾಲಲ್ಲಿ ಕೂತು, ಅವಳ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಕಾಗದದ ಮೇಲೆ ಇಟ್ಟು ಸುತ್ತ ಪೆನ್ಸಿಲ್ ಎಳೆದ. ಬಲಗಾಲಿನದನ್ನು ಸೋಮವಾರದ ಮೇಲೆ ಬಂದು ತೆಗೆಯುತ್ತೇನೆ ಎಂದ.

ಸಂಜೆ ಪ್ರಾರ್ಥನೆಗೆ ಅವನು ಬಂದದ್ದು ದವಾಖಾನೆಯ ಖೋಲಿಯಿಂದ ನೇರವಾಗಿ, ಎರಡು ಜೋಡಿನ ಎಡಗಾಲಿನ ತಳ ಕತ್ತರಿಸಿಟ್ಟು. ಬಿಳಿ ಕೋಟು ಮನೆಯಲ್ಲೇ ಉಳಿಯಿತು. ಚಾಪೆಯ ಆ ಬದಿಯಿಂದ ಕೃಪಾವತಿ ಅವನ ಅಂಗಿ ನೋಡಿದಳು, ಕೈ ನೋಡಿದಳು, ಆಮೇಲೆ ಮುಖ ತಿರುಗಿಸಿ ಗೋಡೆ ನೋಡಿದಳು. ಗುಳೇದಗುಡ್ಡದ ಮಾಸ್ತರರ ಮಗಳು, ಉಪದೇಶಿಯ ಸೊಸೆಯಾಗಿ ಬಂದವಳು, ಉಪದೇಶಿಯ ಹೆಂಡತಿಯಾಗುವ ದಿನಕ್ಕೆ ಕಾದಿದ್ದಳು. ಅವಳಿಂದ ಅದನ್ನು ಕಸಿಯುತ್ತಿದ್ದೇನೆ ಎಂಬುದು ಅವನಿಗೆ ನೋಯಿತು, ನಿಜವಾಗಿ ನೋಯಿತು. ಪ್ರಾರ್ಥನೆ ಮುಗಿದು ಜನ ಎದ್ದ ಮೇಲೆ ಪಾದ್ರಿ ಸಾಹೇಬರು ಪಕ್ಕದ ಕೋಣೆಗೆ ಕರೆದರು. ಮೇಜಿನ ಮೇಲೆ ಕಾಗದ, ಪೆನ್ನು ಸಿದ್ಧವಾಗಿದ್ದವು. ಕೃಪಾವತಿ ಬಾಗಿಲ ಹೊರಗೆ ನಿಂತಳು.

"ನಾ ಬರೂದಿಲ್ರಿ, ಸಾಹೇಬ್ರ" ಎಂದ ಎಲೀಷಪ್ಪ.

ಪಾದ್ರಿ ಸಾಹೇಬರು ಪೆನ್ನು ಕೆಳಗಿಟ್ಟರು. ಒಳ್ಳೆಯ ಮನುಷ್ಯ, ಸಿಟ್ಟು ಬರಲಿಲ್ಲ, ಗಾಬರಿಯಾಯಿತು. "ನಿಮ್ಮ ತಂದಿಯವರ ಹರಕಿ ಅದ ಅಂತ ಊರೆಲ್ಲಾ ಹೇಳ್ತದ. ದೇವರ ಕರಿಯನ್ನ ಬ್ಯಾಡ ಅಂತೀರೇನು?"

"ನಮ್ಮಪ್ಪ ನನ್ನನ್ನ ದೇವರಿಗಿ ಕೊಟ್ಟಿದ್ದ ಖರೆರಿ. ದೇವ್ರು ತಗೊಂಡಾನ. ನಮ್ಮಪ್ಪಗ ಕೇಳದಂಗ ತಗೊಂಡಾನ, ಅಷ್ಟಽ."

"ಮ್ಯಾಲಿನವರಿಗೆ ಏನಂತ ಬರೀಲಿ?" ಎಂದರು ಪಾದ್ರಿ ಸಾಹೇಬರು, ದನಿ ತಗ್ಗಿಸಿ, ಅವನ ಮಾನ ಉಳಿಸುವವರಂತೆ. "ತಬ್ಬೇತ ಸರಿಯಿಲ್ಲಂತ ಬರೀಲೇನು? ಇಲ್ಲಾ, ತಾ ಯೋಗ್ಯ ಅಲ್ಲಂತ ನಮ್ರತಾದಿಂದ ಹೇಳ್ತಾರಂತ ಬರೀಲೇನು?"

ಯೋಗ್ಯನಲ್ಲ. ಎಷ್ಟು ಸುಲಭದ ಮಾತು. ಇಪ್ಪತ್ತನಾಲ್ಕು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದ, ನಾಲಗೆಗೆ ರೂಢಿಯಾಗಿತ್ತು. ಇವತ್ತು ಅದು ಸುಳ್ಳು ಎಂದು ಅವನಿಗೆ ಗೊತ್ತಿತ್ತು, ದೇವರ ಕೋಣೆಯಲ್ಲಿ ನಿಂತು ಸುಳ್ಳು ಹೇಳುವುದು ಬೇಡವೆನ್ನಿಸಿತು.

"ಅಂವಗ ಕೆಲಸ ಐತಿ ಅಂತ ಬರೀರಿ" ಎಂದ.

ಪಾದ್ರಿ ಸಾಹೇಬರು ಅವನನ್ನೇ ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ನಿಧಾನವಾಗಿ ಎರಡು ಸಾಲು ಬರೆದರು. ಓದಿ ತೋರಿಸ್ರಿ ಎಂದ ಎಲೀಷಪ್ಪ. ಅವರು ತಮ್ಮ ಚೆಂದದ ಪುಸ್ತಕದ ಕನ್ನಡದಲ್ಲಿ ಓದಿದರು: ಎಲೀಷಪ್ಪ ಸಮುವೇಲಪ್ಪನವರು, ದೇವರು ಅವರಿಗೆ ಈಗಾಗಲೇ ಕೆಲಸವನ್ನು ಕೊಟ್ಟಿರುವುದರಿಂದ, ಬಾದಾಮಿಗೆ ಬರಲಾರರು.

"ಇನ್ನೊಮ್ಮೆ ಓದ್ರಿ ಸಾಹೇಬ್ರ" ಎಂದ ಎಲೀಷಪ್ಪ, "ಸ್ವಲ್ಪ ಜೋರಾಗಿ. ಹೊರಗ ನಮ್ಮಾಕಿ ನಿಂತಾಳ."